ಮೂಗಲ್ಲಿ ಪದೇಪದೇ ರಕ್ತ: ಸುಡಿಸ್ಬೇಕಾ?

ಪ್ರಶ್ನೆ: ಮಗನಿಗೆ 9 ವರ್ಷ, ಬೇಸಿಗೆ ಬಂತಂದ್ರೆ ವಾರಕ್ಕೆ ಮೂರ್ನಾಲ್ಕು ಸಲ ಮೂಗಲ್ಲಿ ರಕ್ತ, ದಿಂಬಿನ ಕವರೆಲ್ಲ ಕಲೆ. ಡಾಕ್ಟ್ರು ಕಾಟರಿ (ರಕ್ತ ಬರೋ ನಾಳ ಸುಟ್ಟು ಮುಚ್ಚೋದು) ಮಾಡೋಣ ಅಂತಾರೆ, ಭಯ ಆಗ್ತಿದೆ ಮೇಡಂ.
– ಓದುಗರು, ಬಳ್ಳಾರಿ

ಉತ್ತರ: ಭಯ ಬೇಡಮ್ಮ, ಬೆಂಕಿ ಇಟ್ಟು ಸುಡೋದಲ್ಲ ಅದು. ಮಕ್ಕಳಿಗೆ ಹೆಚ್ಚಾಗಿ ಮೂಗಿನ ನಡುಗೋಡೆಯ ಮುಂಭಾಗದ ಸಣ್ಣ ರಕ್ತನಾಳಗಳೇ ಒಡೆಯೋದು, ಅಲ್ಲಿ ಮರಗಟ್ಟೋ ಔಷಧಿ ಹಾಕಿ, ಬೆಂಕಿಕಡ್ಡಿ ಥರದ ಸಿಲ್ವರ್ ನೈಟ್ರೇಟ್ ಅನ್ನೋ ರಾಸಾಯನಿಕ ಹಚ್ಚಿದ ಕಡ್ಡೀನ ಕೆಲವೇ ಸೆಕೆಂಡು ಮುಟ್ಟಿಸ್ತಾರೆ, ಜಾಗ ಬೆಳ್ಳಗಾಗುತ್ತೆ, ಸ್ವಲ್ಪ ಚುರುಚುರು ಅನ್ನುತ್ತೆ ಅಷ್ಟೆ. ಎರಡೂ ಕಡೆ ಒಂದೇ ದಿನ ಮಾತ್ರ ಬೇಡ, ನಡುಗೋಡೆ ತೂತಾಗೋ ಅಪಾಯ ಇದೆ. ಆಮೇಲೆ ಡಾಕ್ಟ್ರು ಕೊಟ್ಟ ಮುಲಾಮು ಹಚ್ಚಿ, ಬೆರಳು ಹಾಕೋಕೆ ಬಿಡ್ಬೇಡಿ. ಮತ್ತೆ ರಕ್ತ ಬಂದ್ರೆ ತಲೆ ಹಿಂದಕ್ಕಲ್ಲ, ಮುಂದಕ್ಕೆ ಬಗ್ಗಿಸಿ ಮೂಗಿನ ಮೆತ್ತನೆ ಭಾಗ 10 ನಿಮಿಷ ಬಿಡದೆ ಒತ್ತಿ ಹಿಡೀರಿ.