ಅರ್ಜಿ ಹಾಕಬೇಡ ಅಂದೆ

ಹೆಸರು, ಊರು ಎರಡನ್ನೂ ಬದಲಿಸಿದ್ದೇನೆ. ನಾಗೇಶ ಅಂತಿಟ್ಟುಕೊಳ್ಳಿ. ಅಂಕೋಲಾ ಕಡೆಯ ಹುಡುಗ, 24 ವರ್ಷ. ಡಿಗ್ರಿ ಮುಗಿಸಿ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುತ್ತಿದ್ದ. ಜೋರು ಮಳೆಯಲ್ಲಿ ಅಣ್ಣನ ಜೊತೆ ಕಾರವಾರಕ್ಕೆ, ನನ್ನ ಬಳಿ ಬಂದಿದ್ದ. ಅಣ್ಣನ ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಒಳಗೆ ಆಧಾರ್ ಜೆರಾಕ್ಸ್, ಫೋಟೋ, ಒಂದು ಬಾಂಡ್ ಪೇಪರ್.

ಒಳ್ಳೆಯ ಅಣ್ಣ. ತಮ್ಮ ‘ನಂಗೆ ಹುಡುಗಿಯರಲ್ಲ, ಹುಡುಗರು ಇಷ್ಟ’ ಅಂದಾಗ ಕೈ ಎತ್ತಲಿಲ್ಲ, ಪ್ರಸಾದ ಕೇಳಿಸಲು ಒಯ್ಯಲಿಲ್ಲ. ಮೊಬೈಲಿನಲ್ಲಿ ಹುಡುಕಿದ. ಲಿಂಗತ್ವ ಅಲ್ಪಸಂಖ್ಯಾತರಿಗೆ, ಅಂದರೆ ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಎನ್ನುವ ಟ್ರಾನ್ಸ್‌ಜೆಂಡರ್ ಜನರಿಗೆ, ರಾಜ್ಯದ ನೇಮಕಾತಿಯಲ್ಲಿ 2021ರಿಂದ ಶೇ 1 ಮೀಸಲಾತಿ ಇದೆ, ಮೈತ್ರಿ ಪಿಂಚಣಿ ಇದೆ, ಡಿಸಿ ಕೊಡುವ ಗುರುತಿನ ಪ್ರಮಾಣಪತ್ರವೊಂದು ಇದ್ದರೆ ದಾರಿ ಸಲೀಸು ಎಂದು ಲೆಕ್ಕ ಹಾಕಿದ. ‘ಇವನದ್ದೂ ಅದೇ ಅಲ್ವಾ ಮೇಡಂ?’

ಇಂಥ ಫೈಲು ನನ್ನ ಮೇಜಿಗೆ ಬಂದದ್ದು ಅದೇ ಮೊದಲಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣನನ್ನು ಚಾ ಕುಡಿಯಲು ಕಳಿಸಿದೆ. ‘ನಿನ್ನನ್ನು ನೀನು ಏನಂತ ಅಂದುಕೊಂಡಿದ್ದೀಯ?’ ಎಂದು ಕೇಳಿದೆ. ನಾಗೇಶ ಒದ್ದೆ ಛತ್ರಿಯ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಾ, ‘ಗಂಡಸೇ ಮೇಡಂ. ಅದ್ರಲ್ಲಿ ಡೌಟಿಲ್ಲ. ಇಷ್ಟ ಆಗೋದು ಗಂಡಸರು, ಅಷ್ಟೇ’ ಅಂದ.

‘ಹಾಗಾದ್ರೆ ಈ ಅರ್ಜಿ ಹಾಕಬೇಡ. 2019ರ ಕಾಯ್ದೆಯ ಆ ಪತ್ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ. ಅಫಿಡವಿಟ್‌ನಲ್ಲಿ ನೀನಲ್ಲದ್ದನ್ನು ನೀನು ಅಂತ ಸಹಿ ಹಾಕಬೇಕಾಗ್ತದೆ.’

ಅವನು ಗೆರೆ ಎಳೆಯುವುದನ್ನು ನಿಲ್ಲಿಸಿದ. ‘ಅಂದ್ರೆ ನಂಗೆ ಯಾವ ಆಫೀಸೂ ಇಲ್ವಾ?’

ಥಟ್ಟನೆ ಉತ್ತರ ಬರಲಿಲ್ಲ. ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಮನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಸಡಿಲಿಸಿದ ಮೇಲೆ ನಾಗೇಶನಂಥವರು ಅಪರಾಧಿಗಳಲ್ಲ. ಆದರೆ ಅವರಿಗೆಂದು ಕಾರ್ಡಾಗಲಿ ಪಿಂಚಣಿಯಾಗಲಿ ಇಲ್ಲ. ಇರುವುದನ್ನು ಹೇಳಿದೆ. ರಾತ್ರಿ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ. ಯಾರಾದರೂ ಬೆದರಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ‘ಸರಿ ಮಾಡಿಕೊಡ್ತೇನೆ’ ಅನ್ನುವ ಡಾಕ್ಟರ ಬಳಿ ಹೋಗಲೇಬೇಡ, 2022ರಲ್ಲೇ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ದುರ್ನಡತೆ ಎಂದಿದೆ. ಮುಂದೆ ಸಂಗಾತಿ ಸಿಕ್ಕರೆ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು. ಇಬ್ಬರನ್ನೂ ಒಂದೇ ಮನೆಯವರೆಂದು ಎಣಿಸಿ ರೇಷನ್ ಕಾರ್ಡ್ ಕೊಡಿ ಎಂದು 2024ರಲ್ಲಿ ಕೇಂದ್ರ ಎಲ್ಲ ರಾಜ್ಯಗಳಿಗೆ ಬರೆದಿದೆ.

ನಾಗೇಶ ಮೊದಲ ಸಲ ನಕ್ಕ. ‘ನಮ್ಮೂರ ಸೊಸೈಟಿಯಲ್ಲಿ ಅಕ್ಕಿ ತೂಗುವವ ನನ್ನ ಚಿಕ್ಕಪ್ಪ ಮೇಡಂ.’

ನಾನೂ ನಕ್ಕೆ. ಮನೆಗೆ ಬಂದ ಮೇಲೆ ಆ ಮಾತೇ ಕೊರೆಯುತ್ತಿತ್ತು.

ಗೆಳತಿಯೊಬ್ಬಳು ಬೈದಳು: ‘ಸುಮ್ನೆ ಹಾಕಿಸಬಹುದಿತ್ತು, ಒಂದು ನೌಕರಿಯಾದ್ರೂ ಆಗ್ತಿತ್ತು.’ ಒಪ್ಪುವುದಿಲ್ಲ. ಆ ಶೇ 1ಕ್ಕಾಗಿ ಬೀದಿಯಲ್ಲಿ ಪೆಟ್ಟು ತಿಂದವರು ಬೇರೆ. ಯಾರು ಟ್ರಾನ್ಸ್ ಎಂದು ಅಳೆಯುವವಳು ನಾನಲ್ಲ, ನಿಜ. ಅಣ್ಣನೂ ಅಲ್ಲ. ನಾಗೇಶನೇ ತನ್ನ ಬಾಯಲ್ಲಿ ಹೇಳಿದ್ದನಲ್ಲ! ಮನೆಯಲ್ಲಿ ಸುಳ್ಳು ಹೇಳಿ ಹೇಳಿ ಸುಸ್ತಾದವನ ಕೈಗೆ ಸೀಲು ಹಾಕಿದ ಇನ್ನೊಂದು ಸುಳ್ಳು ಕೊಡಲು ನನಗೆ ಮನಸ್ಸಾಗಲಿಲ್ಲ.

ಅಣ್ಣ ಬಂದ ಮೇಲೆ ಕೇಳಿಕೊಂಡದ್ದು ಎರಡೇ. ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿ ಹೆಣ್ಣು ನೋಡುವ ಮಾತು ಬಂದರೆ ಅಡ್ಡ ನಿಲ್ಲಬೇಕು. ತಮ್ಮ ಹೇಳು ಅನ್ನದೆ ಯಾರಿಗೂ, ತಾಯಿಗೂ, ಹೇಳಬಾರದು. ಅವನು ತಲೆ ಆಡಿಸಿದ. ಆಮೇಲೆ ಫೈಲು ಬಿಚ್ಚಿ ಬಾಂಡ್ ಪೇಪರ್ ನೋಡಿ, ‘ಇದರ ದುಡ್ಡು ದಂಡ ಆಯ್ತಲ್ಲ ಮಾರಾಯಾ’ ಎಂದು ತಮ್ಮನ ಬೆನ್ನಿಗೆ ಮೆಲ್ಲಗೆ ಗುದ್ದಿದ.