ಬಿಸಿಲು ಮುಟ್ಟದ ಸಮುದ್ರದಾಗ ಊಟ ಎಲ್ಲಿಂದ?

ಪ್ರಶ್ನೆ: ಸರ್, ಸಮುದ್ರದ ತಳದಾಗ ಬೆಳಕೇ ಇಲ್ಲಂದ್ರ ಅಲ್ಲಿ ಪ್ರಾಣಿಗೋಳು ಏನ್ ತಿಂತಾವ? ಅವಕ್ಕೂ ಮ್ಯಾಲಿನ ಮೀನಿಗೂ ಏನರ ಸಂಬಂಧ ಅದ ಏನ್ರಿ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಭಾಳ ಸಂಬಂಧ ಅದ ರೀ. ನಮ್ಮ ಕಡಿ ಬಿಸಿಲಿಗೇನು ಬರ ಇಲ್ಲ, ಆದ್ರ ಸಮುದ್ರದಾಗ 200 ಮೀಟರ್ ಕೆಳಗ ಸಸ್ಯ ಬೆಳಿಯೋವಷ್ಟು ಬೆಳಕ ಇರಂಗಿಲ್ಲ, 1000 ದಾಟಿದ್ರ ಪೂರಾ ಕತ್ತಲ. ಮ್ಯಾಲಿಂದ ಸತ್ತ ಪ್ಲಾಂಕ್ಟನ್ (ನೀರಾಗ ತೇಲೋ ಸಣ್ಣ ಸಣ್ಣ ಜೀವಿಗೋಳು), ಮೀನಿನ ಹಿಕ್ಕಿ, ಚೂರುಪಾರು ಹಿಮ ಉದುರಿದಂಗ ಉದುರ್ತಿರ್ತದ, ತಳದವು ಅದನ್ನೇ ತಿಂತಾವ. ತಿಮಿಂಗಿಲ ಸತ್ತು ಮುಳುಗಿತಂದ್ರ ವರ್ಷಗಟ್ಟಲೆ ಊಟ.

ನನಗ ಖರೇ ಬೆರಗು ಅನಸೋದು ಲ್ಯಾಂಟರ್ನ್ ಮೀನು ನೋಡ್ರಿ, ಸಣ್ಣವು, ಮೈಯಾಗೇ ಬೆಳಕ, ರಾತ್ರಿ ಆದ್ರ ನೂರಾರು ಮೀಟರ್ ಮ್ಯಾಲ ಬಂದು ಪ್ಲಾಂಕ್ಟನ್ ತಿಂದು ಬೆಳಗಾಗೋದ್ರೊಳಗ ವಾಪಸ್ ಆಳಕ್ಕ ಹೋಗ್ತಾವ, ಇವನ್ನ ಟ್ಯೂನಾ, ಡಾಲ್ಫಿನ್, ಸ್ಕ್ವಿಡ್ (ಮೆತ್ತನ ಮೈಯ, ಉದ್ದ ತೋಳಿನ ಪ್ರಾಣಿ) ತಿಂತಾವ, ಆ ಸ್ಕ್ವಿಡ್ ಹಿಡಿಲಿಕ್ಕೆ ಸ್ಪರ್ಮ್ ತಿಮಿಂಗಿಲ ಕಿಲೋಮೀಟರ್ ಆಳ ಇಳಿತದ. ಹಂಗಾಗಿ ಆಳದ ಮೀನು ಖಾಲಿ ಆದ್ರ ಮ್ಯಾಲಿನವಕ್ಕೂ ಹೊಟ್ಟಿಗಿಲ್ಲ. ಮ್ಯಾಲ ತಿಂದ ಕಾರ್ಬನ್ನೂ ಈ ಲ್ಯಾಂಟರ್ನ್ ಮೀನಿನ ಹೊಟ್ಟ್ಯಾಗ ಕೂತು ಆಳಕ್ಕ ಹೋಗ್ತದ, ಗಾಳಿ ಸೇರಿ ಭೂಮಿ ಬಿಸಿ ಮಾಡೋದು ಅಷ್ಟು ಕಡಿಮಿ ಆಗ್ತದ, ಹವಾಮಾನಕ್ಕ ಇದು ದೊಡ್ಡ ಉಪಕಾರ.

ಇನ್ನೊಂದು, 1977ರಾಗ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಹತ್ರ ತಳದಾಗ ಬಿಸಿನೀರಿನ ಬುಗ್ಗಿ ಸಿಕ್ಕವು. ಅಲ್ಲಿ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಅನ್ನೋ ಗಂಧಕದ ಅನಿಲದಿಂದ ಶಕ್ತಿ ತಗೊಂಡು ಆಹಾರ ಮಾಡ್ತಾವ, ಬಾಯಿ ಇಲ್ಲದ ಟ್ಯೂಬ್ ಹುಳ ಅವನ್ನ ಮೈಯೊಳಗ ಇಟಗೊಂಡೇ ಬದುಕ್ತಾವ.