ಬೆಂಗಳೂರಿನ ಕಾರ್ ಸೀಟ್ ಸಿಡ್ನಿಗೆ ತರಬೇಕಾ?

ಮುಂದಿನ ತಿಂಗಳು ಸಿಡ್ನಿಗೆ ಬರುತ್ತಿದ್ದೀರಿ, ಪ್ಯಾರಮಟ್ಟಾ ಕಡೆ ಮನೆ ನೋಡುತ್ತಿದ್ದೀರಿ, ಸಂತೋಷ. ಮೂರು ವರ್ಷದ ಮಗಳಿಗೆ ಬೆಂಗಳೂರಿನಲ್ಲಿ ಕೊಂಡ ಕಾರ್ ಸೀಟ್ ತರಬಹುದಾ, ಹತ್ತಿರದ ಓಡಾಟಕ್ಕೆ ಅತ್ತೆಯವರ ತೊಡೆ ಮೇಲೆ ಕೂರಿಸಿದರೆ ನಡೆಯುತ್ತಾ, ಶಾಲೆ ಹತ್ತಿರ ಗಂಟೆಗೆ ನಲವತ್ತು ಕಿ.ಮೀ. ವೇಗದ ಲೆಕ್ಕ ಏನು ಅಂತ ಕೇಳಿದ್ದೀರಿ. ಲೈಸೆನ್ಸ್ ಬಗ್ಗೆಯೂ ಕೇಳಿದ್ದೀರಿ. ಅದಕ್ಕೆ ಒಂದು ಪರೀಕ್ಷೆ ಬರೆದು, ಕಾರು ಓಡಿಸಿ ತೋರಿಸಬೇಕು. ಬಂದ ಮೇಲೆ ನೋಡಿಕೊಳ್ಳೋಣ.

ಸೀಟ್ ತರಬೇಡಿ. 2012ರಲ್ಲಿ ಹಾಸನದಿಂದ ಬಂದಾಗ ನಾವೂ ತಂದಿದ್ದೆವು, ಬೆಡ್‌ಶೀಟ್ ಸುತ್ತಿ, ಸಂದಿಯಲ್ಲೆಲ್ಲ ಸ್ವೆಟರ್ ತುರುಕಿ. ಏರ್‌ಪೋರ್ಟಿಗೆ ಬಂದ ಗೆಳೆಯ ಅದನ್ನು ತಿರುಗಿಸಿ ನೋಡಿ, "ಸ್ಟಿಕ್ಕರ್ ಎಲ್ಲಪ್ಪಾ?" ಅಂದ. ಇಲ್ಲಿ ಎಎಸ್/ಎನ್‌ಜಡ್‌ಎಸ್ 1754 (ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಮಾನದಂಡ) ಅಂತ ಗುರುತಿರುವ ಸೀಟ್ ಮಾತ್ರ ನಡೆಯುತ್ತದೆ. ಸೀಟಿನ ಬೆನ್ನಿನಿಂದ ಒಂದು ಪಟ್ಟಿ ಹೊರಟು ಕಾರಿನ ಒಳಗೇ ಹಿಂಬದಿಯಲ್ಲಿರುವ ಕೊಂಡಿಗೆ ಸಿಕ್ಕಿಸಬೇಕು. ನಮ್ಮದಕ್ಕೆ ಆ ಪಟ್ಟಿಯೇ ಇರಲಿಲ್ಲ. ಗೆಳೆಯ ತನ್ನ ಮಗನ ಸೀಟ್ ತಂದಿದ್ದ, ಬಚಾವ್.

ನಿಮ್ಮ ಮಗಳಿಗೆ ನಾಲ್ಕು ತುಂಬುವವರೆಗೆ ಭುಜದ ಮೇಲಿಂದ ಬರುವ ಬೆಲ್ಟ್ ಇರುವ ಸೀಟೇ ಬೇಕು, ಅದೂ ಹಿಂದಿನ ಸಾಲಿನಲ್ಲಿ. ನಾಲ್ಕರ ಮೇಲೆ ಬೂಸ್ಟರ್, ಅಂದರೆ ಮಗುವನ್ನು ಎತ್ತರಿಸಿ ಕೂರಿಸುವ ಸೀಟ್, ಆಗುತ್ತದೆ.

ಇನ್ನು ತೊಡೆಯ ವಿಷಯ. ಬೇಡ. ಯಾಕೆ ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಮರುವರ್ಷ ಅಮ್ಮ ಬಂದಿದ್ದರು. ಹೆಂಡತಿಗೆ ಆ ದಿನ ಡ್ಯೂಟಿ. ಅಮ್ಮನನ್ನೂ ಎರಡು ವರ್ಷದ ಮಗನನ್ನೂ ಹೆಲೆನ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಅವನು ಒಂದೇ ಸಮ ಅಳು. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಬೆಲ್ಟ್ ಕೀಳುತ್ತಿದ್ದ. ಮನೆ ಇನ್ನು ಹತ್ತೇ ನಿಮಿಷ. "ಕೊಡೋ, ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ. ನಿನ್ನನ್ನ ಹಾಸನದಿಂದ ಅರಸೀಕೆರೆಗೆ ಬಸ್ಸಲ್ಲಿ ತೊಡೆ ಮೇಲೇ ತಾನೆ ಕರ್ಕೊಂಡು ಹೋಗ್ತಿದ್ದಿದ್ದು?" ಅಂದರು. ಗಾಡಿ ನಿಲ್ಲಿಸಿ, ನಾನೇ ಬಕಲ್ ಬಿಚ್ಚಿ ಕೊಟ್ಟೆ. ಎರಡು ಸಿಗ್ನಲ್ ದಾಟಿರಲಿಲ್ಲ, ಮುಂದಿನ ಕಾರು ತಟ್ಟನೆ ನಿಂತಿತು. ಬ್ರೇಕ್ ಒತ್ತಿದೆ. ಡಿಕ್ಕಿ ಕೂಡ ಆಗಲಿಲ್ಲ. ಆದರೆ ಮಗು ಅಮ್ಮನ ಕೈ ತಪ್ಪಿ ನನ್ನ ಸೀಟಿನ ಹಿಂಬದಿಗೆ ಬಡಿಯಿತು. ತುಟಿ ಒಡೆದು ಅಮ್ಮನ ರೇಷ್ಮೆ ಸೀರೆ ಮೇಲೆಲ್ಲ ರಕ್ತ. ಮುಂದಿನ ಹಾಲುಹಲ್ಲೊಂದು ಆಮೇಲೆ ಕಪ್ಪಗಾಯಿತು.

ಗಾಯ ವಾರದಲ್ಲಿ ಮಾಯಿತು. ಆದರೆ ಸಂಜೆ ಹೆಂಡತಿ ಕೇಳಿದಾಗ ನಾನು ಹೇಳಿದ್ದು, "ಅಮ್ಮನೇ ಹಠ ಮಾಡಿ ಎತ್ಕೊಂಡ್ರು" ಅಂತ. ಅಮ್ಮ ಅಲ್ಲೇ ಸಿಂಕಿನ ಹತ್ತಿರ ತಣ್ಣೀರು ಬಿಟ್ಟುಕೊಂಡು ಸೆರಗಿನ ಕಲೆ ಉಜ್ಜುತ್ತಿದ್ದರು. ಕೇಳಿಸಿಕೊಂಡರು. ಏನೂ ಅನ್ನಲಿಲ್ಲ. ಊರಿಗೆ ಹೋದ ಮೇಲೂ ಫೋನಿನಲ್ಲಿ "ನನ್ನ ಕೈ ಜಾರಿಬಿಡ್ತು ಕಣೋ" ಅನ್ನುತ್ತಿದ್ದರು. ಇಲ್ಲಿ ಮಗು ಬೆಲ್ಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಎತ್ತಿಕೊಂಡವರಿಗಲ್ಲ, ಡ್ರೈವರ್‌ಗೆ. ತಪ್ಪಿಗೆ ಹಾಕುವ ಪಾಯಿಂಟ್ ಏರುವುದೂ ಅವನ ಲೈಸೆನ್ಸಿಗೇ. ಇದು ಗೊತ್ತಿದ್ದೂ ತಪ್ಪು ನನ್ನದಮ್ಮ ಅಂತ ಒಂದು ಮಾತು ಹೇಳಲಿಲ್ಲ. 2019ರಲ್ಲಿ ಅವರು ಹೋಗಿಬಿಟ್ಟರು.

ಪಾಯಿಂಟ್ ಅಂದೆನಲ್ಲ, ಮೂರು ವರ್ಷದಲ್ಲಿ 13 ಆದರೆ ಲೈಸೆನ್ಸ್ ಅಮಾನತು. ಬೆಲ್ಟ್ ತಪ್ಪಿಗೆ 3. ಈಸ್ಟರ್, ಕ್ರಿಸ್‌ಮಸ್ ಸಮಯದಲ್ಲಿ ದುಪ್ಪಟ್ಟು. ಮೊಬೈಲ್ ಹಿಡಿದವರನ್ನು ಪತ್ತೆ ಮಾಡುವ ಕ್ಯಾಮೆರಾಗಳು 2024ರ ಜುಲೈಯಿಂದ ಬೆಲ್ಟನ್ನೂ ನೋಡುತ್ತಿವೆ. ಅತ್ತೆಯವರು ಮುಂದೆ ಕೂತರೆ ಗಮನ ಇರಲಿ. ಸೆರಗು ಮುದುಡುತ್ತೆ ಅಂತ ನಮ್ಮ ಹೆಂಗಸರು ಬೆಲ್ಟನ್ನು ಕಂಕುಳ ಕೆಳಗೆ ತೂರಿಸಿಕೊಳ್ಳುತ್ತಾರೆ, ಅದಕ್ಕೂ ದಂಡ ಬೀಳುತ್ತದೆ.

ಶಾಲೆಯದು ಸುಲಭ. ಶಾಲೆ ಇರುವ ದಿನ ಬೆಳಿಗ್ಗೆ 8ರಿಂದ 9.30, ಮಧ್ಯಾಹ್ನ 2.30ರಿಂದ 4, ವೇಗ 40 ದಾಟಬಾರದು. ರಸ್ತೆ ಮೇಲೆ ಸಾಲಾಗಿ ಬಿಳಿ ತ್ರಿಕೋನ ಬಳಿದಿರುತ್ತಾರೆ, ಡ್ರ್ಯಾಗನ್ ಹಲ್ಲು ಅಂತಾರೆ. ಗೇಟಿನ ಹತ್ತಿರ ಒಂದು ನರಪಿಳ್ಳೆ ಇಲ್ಲದಿದ್ದರೂ 40 ಅಂದರೆ 40. ಟೀಚರ್‌ಗಳು ಮಾತ್ರ ಬರುವ ದಿನವೂ ಇದೇ ಲೆಕ್ಕ. ನಾನು ದುಡ್ಡು ಕಟ್ಟಿ ಕಲಿತ ಪಾಠ. ನಮ್ಮೂರಿನ ಹಾಗೆ ರಸ್ತೆ ಮಧ್ಯೆ ನಿಲ್ಲಿಸಿ ಮಗು ಇಳಿಸುವುದಂತೂ ಬೇಡವೇ ಬೇಡ.

ಅತ್ತೆಯವರಿಗೆ ಇದನ್ನೆಲ್ಲ ಅಲ್ಲೇ, ಕಾಫಿ ಕುಡಿಯುತ್ತಾ ಹೇಳಿಬಿಡಿ. ಕಾರಿನಲ್ಲಿ ಮಗು ಅಳುವಾಗ ಹೇಳಿದರೆ ಜಗಳದ ಹಾಗೆ ಕೇಳಿಸುತ್ತದೆ.

ಏರ್‌ಪೋರ್ಟಿಗೆ ನಾನೇ ಬರುತ್ತೇನೆ, ಪಕ್ಕದ ಮನೆಯವರ ಸೀಟ್ ಕೇಳಿ ತರುತ್ತೇನೆ. ನಮ್ಮದು ಗ್ಯಾರೇಜಿನಲ್ಲೇ ಇದೆ, ಆದರೆ ಹತ್ತು ವರ್ಷ ದಾಟಿದ ಸೀಟ್ ಬಳಸಬೇಡಿ ಅನ್ನುತ್ತಾರೆ ಇಲ್ಲಿ. ಬಿಸಾಕಿ ಅಂತ ಹೆಂಡತಿ ಹೇಳುತ್ತಲೇ ಇದ್ದಾಳೆ.